ರಾಜೀನಾಮೆ ಅವರದು, ಬೆರಳು ನಮ್ಮದು

2024ರ ಡಿಸೆಂಬರ್ ತಿಂಗಳ ಒಂದು ಸಂಜೆ ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದ ಉತ್ತರ ಪತ್ರಿಕೆಗಳನ್ನು ತಿದ್ದುತ್ತಾ ಕುಳಿತಿದ್ದೆ. 'ವಿಧಾನಸಭೆಯ ಸದಸ್ಯರ ಅವಧಿ ಎಷ್ಟು?' ಒಂದು ಅಂಕದ ಪ್ರಶ್ನೆ. ಒಬ್ಬ ಹುಡುಗ, 'ಅವರಿಗೆ ಸಾಕು ಅನ್ನಿಸುವವರೆಗೆ' ಎಂದು ಬರೆದಿದ್ದ.

ನಗು ಬಂತು. ಕೆಂಪು ಪೆನ್ನು ಎತ್ತಿದವಳು ಹಾಗೆಯೇ ಕುಳಿತುಬಿಟ್ಟೆ. ಪುಸ್ತಕದ ಪ್ರಕಾರ ಉತ್ತರ ತಪ್ಪು; ಐದು ವರ್ಷ ಎಂದಿರಬೇಕು. ಆದರೆ ಆ ಹುಡುಗ ಚನ್ನಪಟ್ಟಣದವನು. ಅವನು ಹುಟ್ಟುವ ಹಿಂದಿನ ವರ್ಷ ನಮ್ಮೂರಿನಲ್ಲಿ ಒಂದು ಉಪಚುನಾವಣೆ. ಅವನು ತೊಟ್ಟಿಲಲ್ಲಿದ್ದಾಗ ಇನ್ನೊಂದು. ಅಂಗಳದಲ್ಲಿ ಓಡಾಡುವಂತಾದಾಗ ಮತ್ತೊಂದು. ಈಗ ಮೀಸೆ ಚಿಗುರುವ ಹೊತ್ತಿಗೆ ನಾಲ್ಕನೆಯದು. ಕಣ್ಣಾರೆ ಕಂಡದ್ದನ್ನು ಬರೆದ ಮಗುವಿಗೆ ಸೊನ್ನೆ ಕೊಡುವುದು ಹೇಗೆ? ಕೊಟ್ಟೆ, ಅದು ಬೇರೆ ಮಾತು. ನಮ್ಮ ಕೆಲಸವೇ ಅಂಥದ್ದು.

ಸೋದರಿಯರೇ, ನಾನು ರಾಜಕೀಯದವಳಲ್ಲ. ಬಿ.ಎ., ಬಿ.ಎಡ್. ಮಾಡಿ ಹಳ್ಳಿಯ ಶಾಲೆಗಳಲ್ಲಿ, ಆಮೇಲೆ ಪಟ್ಟಣದ ಶಾಲೆಯಲ್ಲಿ ಪಾಠ ಹೇಳುತ್ತಾ ತಲೆಗೂದಲು ಹಣ್ಣು ಮಾಡಿಕೊಂಡವಳು. ಯಾರಿಗೆ ಮತ ಹಾಕಿದೆ ಎಂದು ಮನೆಯಲ್ಲಿ ನಮ್ಮ ಯಜಮಾನರಿಗೂ ಹೇಳಿದವಳಲ್ಲ, ಇಲ್ಲಿಯೂ ಹೇಳುವುದಿಲ್ಲ. ಯಾವ ಒಂದು ಪಕ್ಷವನ್ನು ಬೈಯುವುದೂ ನನ್ನ ಉದ್ದೇಶವಲ್ಲ. ಬೈಯಲು ಹೊರಟರೆ ಮೂರನ್ನೂ ಬೈಯಬೇಕಾಗುತ್ತದೆ, ಕೆಳಗಿನ ಲೆಕ್ಕ ನೋಡಿ.

2008ರ ಮೇ ತಿಂಗಳಿನಲ್ಲಿ ನಾವು ಸಿ.ಪಿ. ಯೋಗೇಶ್ವರ್ ಅವರನ್ನು ಕಾಂಗ್ರೆಸ್ಸಿನಿಂದ ಆರಿಸಿ ಕಳಿಸಿದೆವು. ವರ್ಷ ತುಂಬುವ ಮೊದಲೇ ಅವರು ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. 2009ರ ಆಗಸ್ಟ್‌ನಲ್ಲಿ ಉಪಚುನಾವಣೆ. ಅವರು ಸೋತು ಜೆಡಿಎಸ್‌ನ ಎಂ.ಸಿ. ಅಶ್ವತ್ಥ್ ಗೆದ್ದರು. ಸದ್ಯ ಮುಗಿಯಿತಲ್ಲ ಎಂದುಕೊಂಡರೆ ಅವರೂ ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋದರು. 2011ರ ಏಪ್ರಿಲ್‌ನಲ್ಲಿ ಇನ್ನೊಂದು ಉಪಚುನಾವಣೆ. ಈ ಸಲ ಯೋಗೇಶ್ವರ್ ಬಿಜೆಪಿಯಿಂದ ಗೆದ್ದರು. ಒಂದೇ ವಿಧಾನಸಭೆ, ಒಂದೇ ಕುರ್ಚಿ, ಮೂರು ಸಲ ಮತದಾನ! 2013ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ರಾಮನಗರದಿಂದ ಶಾಸಕರಾಗಿ ಲೋಕಸಭೆಯ ಸ್ಥಾನ ಬಿಟ್ಟರು. ನಾವು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದವರು ತಾನೆ, ಆಗಸ್ಟ್‌ನಲ್ಲಿ ಮತ್ತೆ ಸಾಲು ನಿಂತೆವು. 2018ರಲ್ಲಿ ಅವರೇ ರಾಮನಗರ, ಚನ್ನಪಟ್ಟಣ ಎರಡರಲ್ಲೂ ಗೆದ್ದು ನಮ್ಮನ್ನು ಉಳಿಸಿಕೊಂಡರು. ಆ ಸಲದ ಸರದಿ ಪಕ್ಕದ ರಾಮನಗರದವರದಾಯಿತು. 2023ರಲ್ಲಿ ಪುನಃ ಅವರನ್ನೇ ಆರಿಸಿದೆವು. 2024ರಲ್ಲಿ ಅವರು ಮಂಡ್ಯದಿಂದ ಲೋಕಸಭೆಗೆ ಹೋದರು, ಕೇಂದ್ರದಲ್ಲಿ ಮಂತ್ರಿಯೂ ಆದರು. ನವೆಂಬರ್ 13ಕ್ಕೆ ನಮಗೆ ಮತ್ತೆ ಶಾಯಿ.

ಹದಿನಾರು ವರ್ಷಗಳಲ್ಲಿ ನಾಲ್ಕು ಉಪಚುನಾವಣೆ. ಇವುಗಳಲ್ಲಿ ಒಂದಾದರೂ ಸಾವಿನಿಂದ ಬಂದದ್ದಲ್ಲ. ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ವಾಕ್ಯದಲ್ಲಿದೆ. ಸಾವು ಯಾರ ಕೈಯಲ್ಲೂ ಇಲ್ಲ. 2017ರ ಜನವರಿಯಲ್ಲಿ ಎಚ್.ಎಸ್. ಮಹದೇವಪ್ರಸಾದರು ತೀರಿಕೊಂಡಾಗ ಗುಂಡ್ಲುಪೇಟೆಗೆ ಉಪಚುನಾವಣೆ ಬಂತು. ಅದಕ್ಕೆ ಯಾರೂ ಗೊಣಗಲಿಲ್ಲ, ಗೊಣಗಬಾರದು. ಖಾಲಿಯಾದ ಸ್ಥಾನವನ್ನು ತುಂಬುವುದು ಒಂದು, ತುಂಬಿದ್ದ ಸ್ಥಾನವನ್ನು ತಾವೇ ಖಾಲಿ ಮಾಡಿ ನಮ್ಮ ಮುಂದಿಡುವುದು ಇನ್ನೊಂದು. ಎರಡನ್ನೂ ಒಂದೇ ಹೆಸರಿನಿಂದ ಕರೆದು ಕಾನೂನು ಕಣ್ಣು ಮುಚ್ಚಿಕೊಂಡಿದೆ.

2009ರ ಆಗಸ್ಟ್ ನನಗೆ ಚೆನ್ನಾಗಿ ನೆನಪಿದೆ. ಶ್ರಾವಣದ ಮಳೆ, ಗೌರಿ ಹಬ್ಬ ಹತ್ತಿರ. ಮನೆಯಲ್ಲಿ ಅತ್ತೆಯವರಿಗೆ ಜ್ವರ, ಚಿಕ್ಕ ಮಗಳು ನಾಲ್ಕನೆಯ ತರಗತಿ. ನನಗೆ ಎಲೆಕ್ಷನ್ ಡ್ಯೂಟಿಯ ಆದೇಶ ಬಂತು. ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಲ್ಲಿ ಮತಯಂತ್ರ, ಅರಗು, ದಾರ, ಲಕೋಟೆ, ನಮೂನೆಗಳ ಕಂತೆ ಎಲ್ಲ ಎಣಿಸಿಕೊಂಡು ಬಸ್ಸು ಹತ್ತಿ ಒಂದು ಹಳ್ಳಿಯ ಶಾಲೆಗೆ ಹೋದೆವು. ಸೋರುವ ಕೋಣೆ. ರಾತ್ರಿ ಇಬ್ಬರು ಹೆಂಗಸರು ಎರಡು ಬೆಂಚು ಜೋಡಿಸಿ ಮಲಗಿದೆವು, ಮಲಗಿದೆವು ಎನ್ನುವುದು ಮರ್ಯಾದೆಯ ಮಾತು. ಶೌಚಾಲಯಕ್ಕೆ ಬೀಗ, ಬೀಗದ ಕೈ ಯಾರದೋ ಮನೆಯಲ್ಲಿ. ಇದನ್ನೆಲ್ಲ ಹೆಣ್ಣು ಮಕ್ಕಳಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಎರಡನೆಯ ಮತಗಟ್ಟೆ ಅಧಿಕಾರಿ, ಶಾಯಿ ಹಚ್ಚುವ ಕೆಲಸ. ಈ ಶಾಯಿ ನಮ್ಮ ಮೈಸೂರಿನದೇ. 1962ರ ಮಹಾಚುನಾವಣೆಯಿಂದ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ ಮಾಡಿಕೊಡುತ್ತಾ ಬಂದಿದೆ. ಎಷ್ಟು ಗಟ್ಟಿಯೆಂದರೆ ಉಗುರು ಬೆಳೆದು ಕತ್ತರಿಸಿ ಹೋಗುವವರೆಗೂ ಬಿಡುವುದಿಲ್ಲ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ಎಡಗೈ ತೋರುಬೆರಳು ಚಾಚಿದಳು. ಏಪ್ರಿಲ್‌ನಲ್ಲಿ ಲೋಕಸಭೆಗೆ ಹಚ್ಚಿದ್ದ ಕಪ್ಪು ಇನ್ನೂ ಉಗುರಿನ ತುದಿಯಲ್ಲಿತ್ತು. "ಹೋದ್ಸಲದ್ದೇ ಇನ್ನೂ ಹೋಗಿಲ್ಲ ಕಣವ್ವ, ಮತ್ತೆ ಯಾಕ್ ಬಂದ್ರಿ?" ಎಂದಳು. ಎದುರಿಗೆ ಕುಳಿತಿದ್ದ ಮೂವರು ಏಜೆಂಟರೂ ತಲೆ ತಗ್ಗಿಸಿ ಪಟ್ಟಿ ನೋಡತೊಡಗಿದರು. ನಾನೇನು ಹೇಳಲಿ? "ಸರ್ಕಾರದ ಆದೇಶ ಅಜ್ಜಿ" ಎಂದೆ. ಸುಳ್ಳು ಹೇಳಿದೆ. ಸರ್ಕಾರ ಏನೂ ಆದೇಶ ಮಾಡಿರಲಿಲ್ಲ. ಒಬ್ಬರು ಒಂದು ಕಾಗದದ ಮೇಲೆ ಸಹಿ ಮಾಡಿದ್ದರು, ಅಷ್ಟೇ.

ಆ ಕಾಗದದ ಮಹಿಮೆ ನೋಡಿ. ಸಂವಿಧಾನದ 190ನೆಯ ವಿಧಿಯ ಪ್ರಕಾರ ಶಾಸಕರು ಸಭಾಧ್ಯಕ್ಷರಿಗೆ ಸಹಿ ಮಾಡಿದ ಪತ್ರ ಕೊಟ್ಟರೆ ಸಾಕು. ತಾನಾಗಿಯೇ ಕೊಟ್ಟದ್ದೇ, ನಿಜವಾದದ್ದೇ ಎಂದು ಸಭಾಧ್ಯಕ್ಷರು ನೋಡುತ್ತಾರೆ. 'ನಿನ್ನನ್ನು ಆರಿಸಿದವರಿಗೆ ಏನು ಹೇಳಿದೆ?' ಎಂದು ಕೇಳುವ ಕಲಮು ಎಲ್ಲಿಯೂ ಇಲ್ಲ. ಸ್ಥಾನ ಖಾಲಿಯಾಯಿತೋ, 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 151-ಎ ಕಲಮಿನಂತೆ ಆರು ತಿಂಗಳೊಳಗೆ ತುಂಬಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ವಿನಾಯಿತಿ. ಈ ಲೆಕ್ಕದಲ್ಲಿಯೇ ಪಕ್ಕದ ಮಂಡ್ಯದವರು 2018ರ ನವೆಂಬರ್‌ನಲ್ಲಿ ಲೋಕಸಭೆಗೆ ಒಬ್ಬರನ್ನು ಆರಿಸಿದರು, 2019ರ ಏಪ್ರಿಲ್‌ನಲ್ಲಿ ಮತ್ತೆ ಹೊಸದಾಗಿ ಆರಿಸಿದರು. ನಡುವೆ ಇದ್ದದ್ದು ಐದೂವರೆ ತಿಂಗಳು. ಬಾಡಿಗೆ ಮನೆಗಾದರೂ ಹನ್ನೊಂದು ತಿಂಗಳ ಕರಾರು ಬರೆಸುತ್ತಾರಮ್ಮ!

ಈಗ ನಮ್ಮಂಥವರ ರಾಜೀನಾಮೆಯನ್ನು ಪಕ್ಕದಲ್ಲಿಟ್ಟು ನೋಡಿ. ನಾನು ನಾಳೆ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಹೋಯಿತು, ಪಿಂಚಣಿಗೂ ಸಂಚಕಾರ. ಗ್ರಾಮ ಪಂಚಾಯಿತಿಗೆ ನಿಲ್ಲಬೇಕೆಂಬ ಹುಚ್ಚು ಹಿಡಿದರೂ ಮೊದಲು ನೌಕರಿ ಬಿಡಬೇಕು. ಸೋತರೆ ಮನೆಯಲ್ಲಿ ಹಪ್ಪಳ ಒತ್ತುತ್ತಾ ಕೂರಬೇಕು. ಶಾಸಕರಿಗೆ ಹಾಗಿಲ್ಲ. ಶಾಸಕರಾಗಿದ್ದುಕೊಂಡೇ ಲೋಕಸಭೆಗೆ ನಿಲ್ಲಬಹುದು. ಸೋತರೆ ಹಳೆಯ ಕುರ್ಚಿ ಬೆಚ್ಚಗೆ ಕಾದಿರುತ್ತದೆ. ಗೆದ್ದರೆ ಹದಿನಾಲ್ಕು ದಿನದೊಳಗೆ ಹಳೆಯದನ್ನು ಬಿಟ್ಟು ಎದ್ದರಾಯಿತು. ಉಂಡೂ ಹೋದ ಕೊಂಡೂ ಹೋದ ಎನ್ನುತ್ತಾರಲ್ಲ, ಹಾಗೆ. ಎಲೆ ಎತ್ತುವವರು ಮಾತ್ರ ನಾವು.

ನಮ್ಮ ಯಜಮಾನರು ಇಲ್ಲಿ ನನ್ನ ಮಾತಿಗೆ ಅಡ್ಡ ಬಂದರು. "ನಿನ್ನ ಊರಿನ ಎಮ್ಮೆಲ್ಲೆ ಕೇಂದ್ರ ಮಂತ್ರಿ ಆದರೆ ನಿನಗೇನು ಹೊಟ್ಟೆಕಿಚ್ಚು? ನಿನಗೆ ಹೆಡ್‌ಮಿಸ್ಟ್ರೆಸ್ ಪ್ರಮೋಷನ್ ಬಂದರೆ ಬೇಡ ಅಂತೀಯಾ?" ಎಂದರು. ನ್ಯಾಯವಾದ ಪ್ರಶ್ನೆಯೇ. ಬೇಡ ಎನ್ನುವುದಿಲ್ಲ. ಆದರೆ ಚಾರ್ಜ್ ವಹಿಸಿಕೊಟ್ಟು ಹೋಗುತ್ತೇನೆ, ಮಕ್ಕಳನ್ನು ಐದು ತಿಂಗಳು ಮೇಷ್ಟರಿಲ್ಲದೆ ಬಿಟ್ಟು ಹೋಗುವುದಿಲ್ಲ. 2024ರ ಜೂನ್‌ನಿಂದ ನವೆಂಬರ್‌ವರೆಗೆ ನಮ್ಮ ತಾಲ್ಲೂಕಿಗೆ ಶಾಸಕರೇ ಇರಲಿಲ್ಲ. ಮೇಲಾಗಿ, ಬಡ್ತಿ ಕೊಡುವವರು ಬೇರೆ, ಮತ ಕೊಟ್ಟವರು ಬೇರೆ. ನಾವು ಕೊಟ್ಟದ್ದು ಐದು ವರ್ಷಕ್ಕೆ. ಅದನ್ನು ಹದಿಮೂರು ತಿಂಗಳಿಗೆ ಹಿಂತಿರುಗಿಸುವಾಗ ಒಂದು ಮಾತು ಕೇಳಬೇಡವೇ?

ಪಕ್ಷಾಂತರದ ರಾಜೀನಾಮೆಗಂತೂ ಈ ಬಡ್ತಿಯ ನೆಪವೂ ಇಲ್ಲ. 2019ರ ಜುಲೈನಲ್ಲಿ ರಾಜೀನಾಮೆ, ಅನರ್ಹತೆಗಳ ಗದ್ದಲದಲ್ಲಿ ಒಂದು ಸರ್ಕಾರವೇ ಬಿತ್ತು. ಹದಿನೇಳು ಶಾಸಕರನ್ನು ಸಭಾಧ್ಯಕ್ಷರು ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು, ಅನರ್ಹತೆ ಸರಿ, ಆದರೆ ಅವಧಿಯವರೆಗೆ ನಿಲ್ಲಬಾರದೆನ್ನಲು ಸಭಾಧ್ಯಕ್ಷರಿಗೆ ಅಧಿಕಾರವಿಲ್ಲ ಎಂದಿತು. ಡಿಸೆಂಬರ್ 5ಕ್ಕೆ ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ. ಹದಿನೈದು ಕ್ಷೇತ್ರ! ಎಷ್ಟು ಶಾಲೆಗಳು ಮತಗಟ್ಟೆಯಾದವು, ಎಷ್ಟು ಉಪಾಧ್ಯಾಯಿನಿಯರು ಬೆಂಚಿನ ಮೇಲೆ ಮಲಗಿದರು ಎಂದು ಯಾರಾದರೂ ಎಣಿಸಿದರೇ? ಪತ್ರಿಕೆಗಳೆಲ್ಲ ಯಾರಿಗೆ ಯಾವ ಖಾತೆ ಎಂದು ಎಣಿಸುತ್ತಿದ್ದವು.

ಶಾಲೆಯ ಮಾತು ಬಂದದ್ದರಿಂದ ಒಂದು ತಮಾಷೆ ಹೇಳಿಬಿಡುತ್ತೇನೆ. ಮತಗಟ್ಟೆಯಾಗುವ ಕೋಣೆಯಲ್ಲಿ ಯಾವ ಪಕ್ಷದ ಗುರುತೂ ಕಾಣಬಾರದು. 2011ರಲ್ಲಿ ಒಬ್ಬ ಉತ್ಸಾಹಿ ಅಧಿಕಾರಿ ಬಂದು ಒಂದನೆಯ ತರಗತಿಯ ಗೋಡೆಯಲ್ಲಿದ್ದ 'ಕ — ಕಮಲ'ಕ್ಕೆ ಪೇಪರು ಅಂಟಿಸಿದರು. 'ಊಟಕ್ಕೆ ಮುಂಚೆ ಕೈ ತೊಳೆಯಿರಿ' ಎಂಬ ಚಿತ್ರದ ಕೈಯೂ ಮುಚ್ಚಿಹೋಯಿತು. 'ನಮ್ಮ ಹಳ್ಳಿ' ಚಾರ್ಟಿನಲ್ಲಿ ತೆನೆಯ ಹೊರೆ ಹೊತ್ತ ಹೆಂಗಸಿದ್ದಳು, ಅವಳನ್ನೂ ಬಿಡಲಿಲ್ಲ. ನಮ್ಮ ಅಡುಗೆಯ ಸಹಾಯಕಿ ಹೊರಗೆ ಸೌದೆಯ ಹೊರೆ ಹೊತ್ತು ಬರುತ್ತಿದ್ದವಳು, "ನನಗೂ ಪೇಪರು ಸುತ್ತುತ್ತೀರಾ ಸ್ವಾಮಿ?" ಎಂದು ಕೇಳಿದಳು! ಮತದಾನ ಮುಗಿದ ಮೇಲೆ ಪೇಪರು ಕೀಳಲು ಹೋದರೆ ಕಮಲವೂ ಕೈಯೂ ಗೋಡೆಯ ಬಣ್ಣದ ಸಮೇತ ಕಿತ್ತು ಬಂದವು. ಆ ಗೋಡೆ ಬಹಳ ಕಾಲ ಹಾಗೆಯೇ ಇತ್ತು.

ಇರಲಿ. ನನಗೆ ನಿಜವಾಗಿ ಉತ್ತರ ಹೊಳೆಯದಂತೆ ಮಾಡಿದವರು ನಮ್ಮ ಯಜಮಾನರಲ್ಲ, ನಮ್ಮ ಬೀದಿಯಲ್ಲೇ ಇರುವ ಒಬ್ಬ ಹೆಣ್ಣು ಮಗಳು. ಬೊಂಬೆ ಕಾರ್ಖಾನೆಯಲ್ಲಿ ಅರಗಿನ ಬಣ್ಣ ಹಚ್ಚುವವಳು. 2024ರ ಅಕ್ಟೋಬರ್‌ನಲ್ಲಿ ನಾನು ಅವಳ ಮುಂದೆ ಹೀಗೆಯೇ ಉಪನ್ಯಾಸ ಶುರು ಮಾಡಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, "ಬರ್ಲಿ ಬುಡಿ ಮೇಡಂ, ವರ್ಷಕ್ಕೊಂದು ಬಂದ್ರೂ ಒಳ್ಳೇದೇಯ. ಐದು ವರ್ಸ ಅವ್ರು ಅಲ್ಲೇ ಕುಂತಿದ್ರೆ ನಮ್ ಬೀದಿ ಕಡೆ ತಿರುಗಿ ನೋಡ್ತಿದ್ರಾ? ನೋಡಿ, ಈಗ ರೋಡ್‌ಗೆ ಜಲ್ಲಿ ಬಂದೈತೆ, ನಲ್ಲೀಲಿ ನೀರು ಬತ್ತಾ ಐತೆ" ಎಂದಳು.

ಎಂಥ ಮಾತು! ಅವಳು ತಪ್ಪು ಹೇಳಿದಳೇ? ಇಲ್ಲ. ಉಪಚುನಾವಣೆ ಬಂದರೆ ಮಂತ್ರಿ ಮಹೋದಯರೆಲ್ಲ ನಮ್ಮ ಊರಿನ ಕಾಫಿ ಹೋಟೆಲುಗಳಲ್ಲಿ ಕಾಣುತ್ತಾರೆ. ಅಹವಾಲು ಕೊಡಲು ಬೆಂಗಳೂರಿಗೆ ಅಲೆಯಬೇಕಿಲ್ಲ. ಸಾರ್ವತ್ರಿಕ ಚುನಾವಣೆಯಲ್ಲಿ 224 ಕ್ಷೇತ್ರಕ್ಕೆ ಹಂಚಿಹೋಗುವ ಗಮನ ಉಪಚುನಾವಣೆಯಲ್ಲಿ ಒಂದೇ ಊರಿನ ಮೇಲೆ ಸುರಿಯುತ್ತದೆ. ಬಡವರ ಮನೆಯ ಹೆಂಗಸು ಅದನ್ನು ಹಿಡಿದಿಟ್ಟುಕೊಳ್ಳದೆ ಏನು ಮಾಡಿಯಾಳು? ನಾನು ಅವಳಿಗೆ ಆ ದಿನ ಏನೂ ಹೇಳಲಾರದೆ ಬಂದೆ. ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು: ಮಾರ್ಚ್‌ನಲ್ಲಿ ಹೋದ ನೀರನ್ನು ಅಕ್ಟೋಬರ್‌ನಲ್ಲಿ ಬಿಡಲು ಸಾಧ್ಯವಿತ್ತು ಎಂದಾದರೆ ಮಾರ್ಚ್‌ನಲ್ಲಿಯೂ ಸಾಧ್ಯವಿತ್ತಲ್ಲವೇ? ನಲ್ಲಿ ನಮ್ಮದು, ನೀರು ನಮ್ಮದು, ತಿರುಪು ಮಾತ್ರ ಅವರ ಕೈಯಲ್ಲಿ. ಇನ್ನೊಬ್ಬರ ರಾಜೀನಾಮೆಗೆ ಕಾದು ಕುಳಿತು ನೀರು ಹಿಡಿಯುವ ಸ್ಥಿತಿಗೆ ನಮ್ಮನ್ನು ತಂದಿಟ್ಟಿದ್ದಾರೆ. ಬೊಂಬೆ ಮಾಡುವ ಊರಿನವರನ್ನೇ ಬೊಂಬೆ ಮಾಡಿದ್ದಾರೆ.

ಇಷ್ಟು ಹೇಳಿದ ಮೇಲೆ ನನ್ನ ಮನೆಯ ಗುಟ್ಟನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಹಿಂದಿನ ಒಂದು ಉಪಚುನಾವಣೆಯಲ್ಲಿ, ನಾನು ಶಾಲೆಯಲ್ಲಿದ್ದಾಗ, ಯಾರೋ ಬಂದು ನಮ್ಮ ಅತ್ತೆಯವರ ಕೈಗೆ ಒಂದು ಕುಕ್ಕರ್ ಕೊಟ್ಟು ಹೋದರು. ಐದು ಲೀಟರಿನದು, ಡಬ್ಬಿಯ ಸಮೇತ. ಸಂಜೆ ಬಂದು ನೋಡಿ ರೇಗಿದೆ. ಹಿಂದಕ್ಕೆ ಕೊಡೋಣ ಎಂದರೆ ಯಾರಿಗೆ ಕೊಡುವುದು? ಅತ್ತೆಯವರು, "ಬಂದ ಲಕ್ಷ್ಮೀನ ಒದೀಬೇಡ" ಎಂದು ಅಟ್ಟದ ಮೇಲಿಟ್ಟರು. ಒಂದು ವರ್ಷ ಅಲ್ಲೇ ಇತ್ತು. ಆಮೇಲೆ ನಮ್ಮ ಹಳೆಯ ಕುಕ್ಕರಿನ ಹಿಡಿ ಮುರಿಯಿತು. ಮಾತಿಲ್ಲದೆ ಅಟ್ಟದಿಂದ ಅದನ್ನು ಇಳಿಸಿದವಳು ನಾನೇ. ಬೆಳಿಗ್ಗೆ ಅದರಲ್ಲಿ ಅನ್ನ ಮಾಡಿಟ್ಟು, ಹತ್ತೂವರೆಗೆ ಶಾಲೆಯಲ್ಲಿ 'ಮತ ಅಮೂಲ್ಯ, ಮಾರಿಕೊಳ್ಳಬಾರದು' ಎಂದು ಬೋರ್ಡಿನ ಮೇಲೆ ಬರೆದಿದ್ದೇನೆ. ಹಾಗಾಗಿ ಬೊಂಬೆ ಕಾರ್ಖಾನೆಯ ಆ ಹೆಣ್ಣು ಮಗಳ ಮೇಲೆ ಕೋಪ ಮಾಡಿಕೊಳ್ಳುವ ಯೋಗ್ಯತೆ ನನಗಿಲ್ಲ.

ಉಪಚುನಾವಣೆ ಎಂದರೆ 'ಅನುಕಂಪದ ಅಲೆ' ಎಂಬ ಮಾತು ಕೇಳಿಯೇ ಇರುತ್ತೀರಿ. ಅನುಕಂಪ ಎಂದರೇನು ಎಂದು ನಮ್ಮ ಶಾಲೆಗೆ ಬಂದು ಕೇಳಿ. ನನ್ನ ಸಹೋದ್ಯೋಗಿಯೊಬ್ಬರು ಸೇವೆಯಲ್ಲಿದ್ದಾಗಲೇ ತೀರಿಕೊಂಡರು. ಅವರ ಹೆಂಡತಿ ಅನುಕಂಪದ ಆಧಾರದ ನೌಕರಿಗೆ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ಕಂಡಿದ್ದೇನೆ. ವರ್ಷದೊಳಗೆ ಅರ್ಜಿ ಹಾಕಬೇಕು, ಜೀವಂತ ಸದಸ್ಯರ ದೃಢೀಕರಣ ಬೇಕು, ಆದಾಯದ ಪತ್ರ ಬೇಕು. ಸಿಕ್ಕರೆ ಸಿ ಅಥವಾ ಡಿ ಗುಂಪಿನ ಕೆಲಸ. ಮದುವೆಯಾದ ಮಗಳಿಗಂತೂ 2020ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟು ತೀರ್ಪು ಕೊಡುವವರೆಗೂ ಅರ್ಜಿ ಹಾಕುವ ಹಕ್ಕೇ ಇರಲಿಲ್ಲ. ಶಾಸಕರ ಮನೆಗೆ ಮಾತ್ರ ಯಾವ ದೃಢೀಕರಣವೂ ಬೇಡ. ಅಷ್ಟೇ ಅಲ್ಲ, ಸಾಯುವುದೂ ಬೇಡ! 2024ರ ನವೆಂಬರ್‌ನ ಮೂರೂ ಕ್ಷೇತ್ರ ನೋಡಿ. ಶಿಗ್ಗಾವಿಯಲ್ಲಿ ಸಂಸದರಾಗಿ ಹೋದ ಬಸವರಾಜ ಬೊಮ್ಮಾಯಿಯವರ ಮಗ, ಸಂಡೂರಿನಲ್ಲಿ ಸಂಸದರಾಗಿ ಹೋದ ಇ. ತುಕಾರಾಂ ಅವರ ಹೆಂಡತಿ, ನಮ್ಮಲ್ಲಿ ಕುಮಾರಸ್ವಾಮಿಯವರ ಮಗ. ತಂದೆ, ಗಂಡ ದೆಹಲಿಯಲ್ಲಿ ಗಟ್ಟಿಮುಟ್ಟಾಗಿ ಇದ್ದಾಗಲೇ ಇಲ್ಲಿ ವಾರಸುದಾರಿಕೆ! ಮೂವರಲ್ಲಿ ಗೆದ್ದದ್ದು ಸಂಡೂರಿನ ಅನ್ನಪೂರ್ಣಾ ತುಕಾರಾಂ ಒಬ್ಬರೇ. ಹೆಣ್ಣೊಬ್ಬಳು ವಿಧಾನಸಭೆಗೆ ಹೋದಳಲ್ಲ ಎಂದು ಸಂತೋಷಪಡಲೇ? ಪಡುತ್ತೇನೆ. ಆದರೆ ಗಂಡನ ಕುರ್ಚಿ ಖಾಲಿಯಾದಾಗ ಮಾತ್ರ ಹೆಣ್ಣಿನ ನೆನಪಾಗುವ ಪಕ್ಷಗಳನ್ನು ಕಂಡರೆ ಆ ಸಂತೋಷ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ನಮ್ಮ ಊರಿನಲ್ಲಿ 31 ಅಭ್ಯರ್ಥಿಗಳಿದ್ದರು. ನೂರಕ್ಕೆ 88ರಷ್ಟು ಜನ ಮತ ಹಾಕಿದರು. ಯೋಗೇಶ್ವರ್, ಈ ಸಲ ಕಾಂಗ್ರೆಸ್ಸಿನಿಂದ, 25 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ನೋಡಿ, ಜನ ಉದಾಸೀನರಲ್ಲ. ಎಷ್ಟು ಸಲ ಕರೆದರೂ ಬರುತ್ತಾರೆ. ಅದೇ ಅವರಿಗೆ ಮುಳುವಾಯಿತೋ ಏನೋ.

ಹಾಗಾದರೆ ಏನು ಮಾಡಬೇಕೆನ್ನುತ್ತೀಯೇ ತಾಯಿ ಎಂದು ನೀವು ಕೇಳಬಹುದು. ಚುನಾವಣಾ ಆಯೋಗವೇ 2004ರಲ್ಲಿ ಒಂದು ದಾರಿ ಹೇಳಿತ್ತು: ಎರಡು ಕಡೆ ನಿಂತು ಎರಡರಲ್ಲೂ ಗೆದ್ದು ಒಂದನ್ನು ಬಿಡುವವರು ಉಪಚುನಾವಣೆಯ ಖರ್ಚಿಗೆ ವಿಧಾನಸಭೆಗಾದರೆ 5 ಲಕ್ಷ, ಲೋಕಸಭೆಗಾದರೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದು. 2015ರಲ್ಲಿ ಕಾನೂನು ಆಯೋಗ, ಒಬ್ಬರು ಒಂದೇ ಕಡೆ ನಿಲ್ಲಲಿ ಎಂದಿತು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಇದು ಸಂಸತ್ತು ತೀರ್ಮಾನಿಸಬೇಕಾದ ವಿಷಯ ಎಂದು ಅರ್ಜಿ ವಜಾ ಮಾಡಿತು. ಸಂಸತ್ತಿನಲ್ಲಿ ಕುಳಿತವರು ಯಾರು? ಬೆಕ್ಕಿಗೆ ಗಂಟೆ ಕಟ್ಟಬೇಕಾದದ್ದು ಬೆಕ್ಕೇ ಎಂದ ಹಾಗಾಯಿತು.

ನಾನಾದರೆ ಇನ್ನೂ ಮುಂದೆ ಹೋಗುತ್ತೇನೆ. ಎರಡು ಕಡೆ ನಿಲ್ಲುವುದು ಒಂದು ದಾರಿ ಮಾತ್ರ. ನಮ್ಮೂರಿನ ನಾಲ್ಕರಲ್ಲಿ ಒಂದೂ ಆ ದಾರಿಯಿಂದ ಬಂದದ್ದಲ್ಲ. ಯಾವ ಕಾರಣಕ್ಕೇ ಆಗಲಿ, ತಾನಾಗಿ ಸ್ಥಾನ ಬಿಟ್ಟವರು ಆ ಸಭೆಯ ಅವಧಿ ಮುಗಿಯುವವರೆಗೆ ಯಾವ ಚುನಾವಣೆಗೂ ನಿಲ್ಲಬಾರದು, ಮಂತ್ರಿಯೂ ಆಗಬಾರದು. ಸ್ಥಾನದಲ್ಲಿರುವವರು ನಡು ಅವಧಿಯಲ್ಲಿ ಇನ್ನೊಂದು ಸದನಕ್ಕೆ ನಾಮಪತ್ರ ಹಾಕುವಂತೆಯೇ ಇರಬಾರದು. ಉಪಚುನಾವಣೆಯ ಖರ್ಚನ್ನು ಬಿಟ್ಟುಹೋದವರಿಂದ ವಸೂಲಿ ಮಾಡಬೇಕು. ಕಾಯಿಲೆ ಕಸಾಲೆ ಇದ್ದವರಿಗೆ ವಿನಾಯಿತಿ ಇರಲಿ. ಮನಸ್ಸಾಕ್ಷಿಗಾಗಿ ರಾಜೀನಾಮೆ ಕೊಡುವವರ ಗತಿಯೇನು ಎನ್ನುವಿರಾ? ಅವರೂ ಕೊಡಲಿ, ಧಾರಾಳವಾಗಿ. ಕೊಟ್ಟು ಮನೆಯಲ್ಲಿ ಕುಳಿತುಕೊಳ್ಳಲಿ. ಮನಸ್ಸಾಕ್ಷಿಗೆ ಟಿಕೆಟ್ಟು ಬೇಕಾಗುವುದಿಲ್ಲ.

ಕಾನೂನು ಆಗುವಾಗ ಆಗಲಿ. ಅಲ್ಲಿಯವರೆಗೆ ನಾವು ಒಂದು ಪ್ರಶ್ನೆಯನ್ನಾದರೂ ಕೇಳಬಹುದು. 2024ರ ನವೆಂಬರ್ ಮೊದಲ ವಾರ ನಾನು ಕೇಳಿದೆ. ಬೆಳಿಗ್ಗೆ ಎಂಟೂ ಮುಕ್ಕಾಲು, ಶಾಲೆಗೆ ಹೊರಡುವ ಗಡಿಬಿಡಿ. ಹತ್ತು ಹನ್ನೆರಡು ಹೆಂಗಸರು ಒಂದೇ ಬಣ್ಣದ ಸೀರೆಯುಟ್ಟು, ಟೋಪಿ ಹಾಕಿಕೊಂಡು ಬಾಗಿಲಿಗೆ ಬಂದರು. ಯಾವ ಪಕ್ಷ ಎಂದು ಹೇಳುವುದಿಲ್ಲ. ಕರಪತ್ರ ಕೈಗಿಟ್ಟು, "ನಮ್ಮ ಗುರುತು ಮರೀಬೇಡಿ ಅಕ್ಕಾ" ಎಂದರು. ನಾನು ಬಿಳಿಯ ಹಾಳೆಯೊಂದನ್ನು ತಂದು, "ಮರೆಯುವುದಿಲ್ಲ. ಗೆದ್ದರೆ 2028ರವರೆಗೆ ಇಲ್ಲೇ ಇರುತ್ತೇನೆ ಎಂದು ನಿಮ್ಮ ಅಭ್ಯರ್ಥಿಯಿಂದ ಬರೆಸಿ ಸಹಿ ಹಾಕಿಸಿಕೊಂಡು ಬನ್ನಿ, ಆಮೇಲೆ ನೋಡೋಣ" ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿದ್ದವಳು ಕಿಸಕ್ಕನೆ ನಕ್ಕು, ಟೋಪಿ ತೆಗೆದು ಹಣೆಯ ಬೆವರು ಒರೆಸಿಕೊಂಡಳು. "ನಾವು ಕೂಲಿಗೆ ಬಂದಿರೋರು ಅಕ್ಕಾ. ನಮ್ದು ಈ ಊರೂ ಅಲ್ಲ. ಅವ್ರನ್ನ ನಾವೂ ಫೋಟೋದಾಗೇ ನೋಡಿರಾದು" ಎಂದಳು.

ಒಳಗೆ ಕರೆದು ಎಲ್ಲರಿಗೂ ನೀರು ಕೊಟ್ಟೆ. ಆ ದಿನ ಪ್ರಾರ್ಥನೆಗೆ ತಡವಾಯಿತು. ಬಿಳಿಯ ಹಾಳೆ ಇನ್ನೂ ನನ್ನ ಬ್ಯಾಗಿನಲ್ಲಿಯೇ ಇದೆ.